ಸೆಕೆಂಡು ಎಣಿಸಿ, ಆಮೇಲೆ ನೀರಿಗಿಳಿಯಿರಿ

ಸಸಿಹಿತ್ಲಿನ ಮುಂಡ ಬೀಚಿನಲ್ಲಿ ಈ ವಾರವೂ ಅಲೆಯಿಲ್ಲ. ಬೆಳಗ್ಗೆ ಆರಕ್ಕೆ ಹೋಗಿ ನಿಂತರೆ ಕಡಲು ಎಣ್ಣೆ ಸವರಿದ ಕಾವಲಿಯ ಹಾಗೆ ಹೊಳೆಯುತ್ತದೆ. ದಡಕ್ಕೆ ಬರುವ ತೆರೆ ಮೊಣಕಾಲು ಮುಟ್ಟುವುದಿಲ್ಲ. ಹೊಯ್ಗೆಯ ಮೇಲೆ ನೊರೆಯ ಒಂದು ಗೆರೆ ಬಿಟ್ಟು ಹಿಂದೆ ಸರಿಯುತ್ತದೆ. ಸರ್ಫಿಂಗ್ ಹುಡುಗರು ಬೋರ್ಡುಗಳನ್ನು ತೆಂಗಿನ ಬುಡಕ್ಕೆ ಒರಗಿಸಿ ಕೂತಿದ್ದಾರೆ. ಇಂಥ ಕಡಲನ್ನು ಅವರು ‘ಫ್ಲ್ಯಾಟ್’ ಎನ್ನುತ್ತಾರೆ. ಬಲೆ ಹೆಣೆಯುತ್ತ ಕೂತ ಹಿರಿಯರು ‘ಕಡಲು ಸುಮ್ಮನಿದೆ’ ಎನ್ನುತ್ತಾರೆ. ಬೆಂಗಳೂರು, ಹಾಸನ, ದಾವಣಗೆರೆ ಕಡೆಯಿಂದ ರಜೆಗೆ ಬಂದವರು ‘ಕಡಲು ಶಾಂತವಾಗಿದೆ, ಮಕ್ಕಳನ್ನು ಇಳಿಸಬಹುದು’ ಎನ್ನುತ್ತಾರೆ. ಒಂದೇ ನೀರಿನ ಬಗ್ಗೆ ಮೂರು ಮಾತು. ಮೂರನೆಯದು ನನ್ನನ್ನು ಹೆದರಿಸುತ್ತದೆ. ಈ ವಾರದ ಅಂಕಣ ಅದಕ್ಕಾಗಿಯೇ.

ಮೊದಲು ಹವೆಯ ಸುದ್ದಿ ಹೇಳಿಬಿಡುತ್ತೇನೆ. ಮೇ ತಿಂಗಳ ಈ ದಿನಗಳಲ್ಲಿ ನಮ್ಮ ಕರಾವಳಿಯ ದಿನಚರಿ ಹೆಚ್ಚು ಬದಲಾಗುವುದಿಲ್ಲ. ನಸುಕಿನಲ್ಲಿ ನೆಲದಿಂದ ಕಡಲ ಕಡೆಗೆ ಸಣ್ಣ ಗಾಳಿ ಬೀಸುತ್ತದೆ. ಆ ಹೊತ್ತಿನಲ್ಲಿ ನೀರಿನ ಮೈಮೇಲೆ ಒಂದು ಸುಕ್ಕೂ ಇರುವುದಿಲ್ಲ. ಹತ್ತು, ಹನ್ನೊಂದಾಗುವಾಗ ನೆಲ ಕಾದು ಗಾಳಿ ದಿಕ್ಕು ಬದಲಿಸುತ್ತದೆ. ಪಡುವಣದಿಂದ, ವಾಯವ್ಯದಿಂದ ಕಡಲಗಾಳಿ ಏಳುತ್ತದೆ, ಮಧ್ಯಾಹ್ನ ಮೂರು ನಾಲ್ಕರ ಹೊತ್ತಿಗೆ ಬಲಿಯುತ್ತದೆ. ಆಗ ಏಳುವ ತೆರೆಗಳು ಚಿಕ್ಕವು, ಒರಟು, ಒಂದರ ಬೆನ್ನಿಗೆ ಒಂದು ಬಂದು ಕುಕ್ಕುತ್ತವೆ. ಸರ್ಫಿಂಗಿಗೆ ಅವು ಬಾರವು, ಮಕ್ಕಳಿಗೆ ಕುಣಿಯಲು ಸಾಕು. ಸೂರ್ಯ ಇಳಿದ ಮೇಲೆ ಗಾಳಿ ಬಿಡುತ್ತದೆ, ಸೆಕೆ ಉಳಿಯುತ್ತದೆ.

ಸೆಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬಯಲುಸೀಮೆಯಲ್ಲಿ 40 ಡಿಗ್ರಿ ಮುಟ್ಟಿದಾಗ ಮಾತ್ರ ಬಿಸಿಗಾಳಿಯ ಮಾತು ಬರುತ್ತದೆ. ಕರಾವಳಿಗೆ ಹವಾಮಾನ ಇಲಾಖೆ ಇಟ್ಟ ಅಳತೆ ಬೇರೆ: ಇಲ್ಲಿ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚಾದರೆ ಅದು ಬಿಸಿಗಾಳಿ. ಕಾರಣ, ನಮ್ಮ ಗಾಳಿ ನೀರು ಕುಡಿದ ಗಾಳಿ. ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಕಡಲಿಗಿಳಿದರೂ ತಂಪಿಲ್ಲ. ಮಳೆಗಾಲಕ್ಕೆ ಮುಂಚಿನ ವಾರಗಳಲ್ಲಿ ನಮ್ಮ ಎದುರಿನ ಅರಬ್ಬಿ ಸಮುದ್ರದ ಮೇಲ್ನೀರು 30 ಡಿಗ್ರಿ ದಾಟುವುದು ಮಾಮೂಲು. ಹನ್ನೊಂದು ಗಂಟೆಯಿಂದ ಮೂರರವರೆಗೆ ಮರಳಿನ ಮೇಲೆ ಯಾವ ಕೆಲಸವೂ ಬೇಡ. ಬೊಂಡ ಕುಡಿದು, ಗಾಳಿಮರದ ನೆರಳಿನಲ್ಲಿ ಕೂತಿರಿ.

ಹಾಗಾದರೆ ಕಡಲು ಯಾಕೆ ಹೀಗೆ ಮಲಗಿದೆ? ನಮ್ಮ ದಡಕ್ಕೆ ಅಲೆ ಬರುವುದು ಮೂರು ಕಡೆಯಿಂದ. ಚಳಿಗಾಲದಲ್ಲಿ ಅರೇಬಿಯಾದ ಕಡೆ ಬೀಸುವ ‘ಶಮಾಲ್’ ಗಾಳಿ ಎಬ್ಬಿಸಿದ ಅಲೆಗಳು ವಾಯವ್ಯದಿಂದ ಬರುತ್ತವೆ. ಮಾರ್ಚ್ ಮುಗಿಯುವಾಗ ಅವು ಮುಗಿದಿರುತ್ತವೆ. ಜೂನ್‌ನಿಂದ ಮುಂಗಾರಿನ ನೈಋತ್ಯ ಗಾಳಿ ಕಡಲನ್ನು ಕಡೆದು ಹಾಕುತ್ತದೆ. ಆಗ ಆಳದ ನೀರಿನಲ್ಲಿ ನಾಲ್ಕು ಮೀಟರ್ ಎತ್ತರದ ಅಲೆಗಳು ಏಳುತ್ತವೆ. ಈ ಎರಡರ ನಡುವೆ, ಏಪ್ರಿಲ್ ಮತ್ತು ಮೇ ತಿಂಗಳಲ್ಲಿ, ಇಲ್ಲಿಯ ಗಾಳಿ ಹುಟ್ಟಿಸುವ ಅಲೆ ಅಷ್ಟಕ್ಕಷ್ಟೆ. ಉಳಿದದ್ದು ಮೂರನೆಯ ದಿಕ್ಕು, ತೆಂಕು.

ಆ ತೆಂಕು ಎಷ್ಟು ದೂರದ್ದು ಎಂದು ತಿಳಿದಾಗ ನಾನು ನಂಬಿರಲಿಲ್ಲ. ಮಂಗಳೂರಿನಿಂದ ತೆಂಕಕ್ಕೆ ಭೂಮಧ್ಯರೇಖೆ ದಾಟಿ, ಮಡಗಾಸ್ಕರ್ ಸಾಲನ್ನೂ ದಾಟಿ, ಆರು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಆಚೆಗೆ, 40 ಡಿಗ್ರಿ ಅಕ್ಷಾಂಶದ ಕೆಳಗೆ, ತಡೆಯಲು ನೆಲವೇ ಇಲ್ಲದ ಕಡಲಿದೆ. ಅಲ್ಲಿ ಪಡುವಣ ಗಾಳಿ ಭೂಮಿಯ ಸುತ್ತ ಓಡುತ್ತಲೇ ಇರುತ್ತದೆ. ನಮಗೆ ಬೇಸಿಗೆ ಕಾವೇರಿದಾಗ ಅಲ್ಲಿ ಚಳಿಗಾಲ ಕಾಲಿಡುತ್ತಿರುತ್ತದೆ, ಬಿರುಗಾಳಿಗಳು ಬಲಿಯುತ್ತವೆ. ಒಂದು ದೊಡ್ಡ ಬಿರುಗಾಳಿ ಎರಡು ಮೂರು ದಿನ ಒಂದೇ ದಿಕ್ಕಿಗೆ ನೀರನ್ನು ಉಜ್ಜಿದರೆ, ಅಲ್ಲಿ ಹುಟ್ಟಿದ ಅಲೆ ಬಿರುಗಾಳಿಯನ್ನು ಬಿಟ್ಟು ತಾನೇ ಪ್ರಯಾಣ ಹೊರಡುತ್ತದೆ. ದಾರಿಯಲ್ಲಿ ಸಣ್ಣಪುಟ್ಟ ತೆರೆಗಳು ಸತ್ತುಹೋಗುತ್ತವೆ. ಉದ್ದನೆಯ ಅಲೆಗಳು ಸಾಯುವುದಿಲ್ಲ. ಮಾಲ್ಡೀವ್ಸ್, ಲಕ್ಷದ್ವೀಪದ ಸಾಲು ಸ್ವಲ್ಪವನ್ನು ತಡೆಯುತ್ತದೆ. ಉಳಿದದ್ದು ನಮ್ಮ ದಡಕ್ಕೆ ಬಂದು ಮುಟ್ಟುತ್ತದೆ. ನಮ್ಮಲ್ಲಿ ಎಲೆ ಅಲುಗದ ದಿನವೂ ಅದು ಬರಬಹುದು.

ಇಲ್ಲಿಯೇ ಲೆಕ್ಕ ಶುರುವಾಗುತ್ತದೆ. ಓದುಗರು ದಯವಿಟ್ಟು ಎರಡು ನಿಮಿಷ ನನ್ನ ಜೊತೆಗಿರಿ.

ಕಡಲಿನ ಮುನ್ಸೂಚನೆಯಲ್ಲಿ ಎರಡು ಅಂಕೆ ಮುಖ್ಯ. ಒಂದು ಎತ್ತರ, ಮೀಟರಿನಲ್ಲಿ. ಇನ್ನೊಂದು ಅವಧಿ, ಸೆಕೆಂಡಿನಲ್ಲಿ. ಒಂದು ಅಲೆಯ ನೆತ್ತಿ ಒಂದು ಜಾಗವನ್ನು ದಾಟಿದ ಮೇಲೆ ಮುಂದಿನ ಅಲೆಯ ನೆತ್ತಿ ಅಲ್ಲಿಗೆ ಬರಲು ಹಿಡಿಯುವ ಹೊತ್ತು. ಎಲ್ಲರೂ ಎತ್ತರ ಕೇಳುತ್ತಾರೆ. ಅವಧಿಯನ್ನು ಯಾರೂ ಕೇಳುವುದಿಲ್ಲ. ಆದರೆ ಜೀವ ತೆಗೆಯುವ ಸುದ್ದಿ ಇರುವುದು ಅವಧಿಯಲ್ಲಿ.

ಮಧ್ಯಾಹ್ನದ ಕಡಲಗಾಳಿ ಎಬ್ಬಿಸುವ ತೆರೆಗೆ ಅವಧಿ ಐದಾರು ಸೆಕೆಂಡು. 6 ಸೆಕೆಂಡಿನ ಅಲೆ ಆಳದ ನೀರಿನಲ್ಲಿ ಸುಮಾರು 56 ಮೀಟರ್ ಉದ್ದ. ತೆಂಕಿನಿಂದ ಬರುವ 18 ಸೆಕೆಂಡಿನ ಅಲೆ 500 ಮೀಟರ್ ಉದ್ದ. ಅವಧಿ ಮೂರು ಪಟ್ಟು ಹೆಚ್ಚಿದರೆ ಉದ್ದ ಒಂಬತ್ತು ಪಟ್ಟು. ಅಲೆಯ ಚಲನೆ ನೀರಿನೊಳಗೆ ತನ್ನ ಉದ್ದದ ಅರ್ಧದಷ್ಟು ಆಳಕ್ಕೆ ಇಳಿಯುತ್ತದೆ. ಸಣ್ಣದು ಮೇಲುಮೇಲಿನ ನೀರನ್ನು ಕಲಕಿದರೆ, ದೊಡ್ಡದು ಬುಡದಿಂದ ಬರುತ್ತದೆ. ಆಳ ಕಡಿಮೆಯಾದಂತೆ ಅದರ ಕಾಲಿಗೆ ನೆಲ ತಾಗುತ್ತದೆ, ವೇಗ ಕುಗ್ಗುತ್ತದೆ, ಮೈ ಎತ್ತರಕ್ಕೆ ಏಳುತ್ತದೆ. ಆಚೆ ಕಡಲಿನಲ್ಲಿ ಬೋಟಿನವರಿಗೆ ಗೊತ್ತೇ ಆಗದ ಅರೆ ಮೀಟರ್ ಏರಿಳಿತ, ದಡದಲ್ಲಿ ಒಬ್ಬ ಗಂಡಸಿನ ಎದೆಮಟ್ಟಕ್ಕೆ ಬರಬಹುದು. ಒಡೆದ ಮೇಲೆಯೂ ನಿಲ್ಲುವುದಿಲ್ಲ. ಹಿಂದೆ ನೀರಿನ ರಾಶಿಯೇ ಇದೆಯಲ್ಲ, ಅದು ತಳ್ಳುತ್ತಲೇ ಇರುತ್ತದೆ, ದಡದ ಮೇಲೆ ಮೇಲೇರಿ ಬರುತ್ತದೆ.

ಅದು ಪ್ರಯಾಣ ಮಾಡುವ ವೇಗವೂ ಗೊತ್ತಿದೆ. 18 ಸೆಕೆಂಡಿನ ಅಲೆಗಳ ಗುಂಪು ತಾಸಿಗೆ ಸುಮಾರು 50 ಕಿಲೋಮೀಟರ್ ಓಡುತ್ತದೆ, ದಿನಕ್ಕೆ 1200. ತೆಂಕಿನ ಬಿರುಗಾಳಿಯಿಂದ ನಮ್ಮ ಮುಲ್ಕಿಯ ದಡಕ್ಕೆ ಐದಾರು ದಿನದ ದಾರಿ. ಉದ್ದ ಅವಧಿಯವು ಹೆಚ್ಚು ವೇಗದವು, ಆದ್ದರಿಂದ ಅವೇ ಮೊದಲು ಬರುತ್ತವೆ. ಬರುವಾಗ ಎತ್ತರ ಏನೂ ಇರುವುದಿಲ್ಲ, ಕಂಡೂ ಕಾಣದ ಹಾಗೆ. ಅಂದರೆ ಕಡಲು ಪೂರಾ ಮಲಗಿದ ಹಾಗೆ ಕಾಣುವ ದಿನವೇ ಮೊದಲ ಸುದ್ದಿ ದಡಕ್ಕೆ ತಲುಪಿರಬಹುದು. ಅದನ್ನು ಓದಬಲ್ಲವರಿಗೆ ಒಂದು ದಿನದ ಸಮಯ ಸಿಗುತ್ತದೆ. ಓದಲಾರದವರಿಗೆ ಸಿಗುವುದಿಲ್ಲ.

ಕೇರಳದ ಮೀನುಗಾರರು ಇದಕ್ಕೆ ‘ಕಳ್ಳಕ್ಕಡಲ್’ ಎಂದು ಹೆಸರಿಟ್ಟರು, ಕಳ್ಳನ ಹಾಗೆ ಬರುವ ಕಡಲು. ಆ ಹೆಸರನ್ನೇ 2012ರಲ್ಲಿ ಯುನೆಸ್ಕೊ ವೈಜ್ಞಾನಿಕ ಬಳಕೆಗೆ ಒಪ್ಪಿಕೊಂಡಿತು. ಒಂದು ದಡದ ಜನ ಕಣ್ಣಾರೆ ಕಂಡು ಕೊಟ್ಟ ಮಾತು ಲೋಕದ ವಿಜ್ಞಾನದೊಳಗೆ ಹೋಯಿತೆಂಬುದು ನನಗೆ ಹೆಮ್ಮೆಯ ಸಂಗತಿ. ಕಳ್ಳಕ್ಕಡಲಿಗೂ ಚಂಡಮಾರುತಕ್ಕೂ ಸಂಬಂಧವಿಲ್ಲ, ಸುನಾಮಿಗೂ ಸಂಬಂಧವಿಲ್ಲ. ಮೋಡವಿಲ್ಲ, ಗಾಳಿಯಿಲ್ಲ, ನೀರು ಮಾತ್ರ ಬರುತ್ತದೆ. 2024ರ ಮಾರ್ಚ್ 31ರಂದು ಕೇರಳದ ಕರಾವಳಿಯ ಮನೆಗಳಿಗೆ ಹೀಗೆಯೇ ನೀರು ನುಗ್ಗಿತು.

ನಾನು ಅದನ್ನು ಕಂಡದ್ದು ಕೆಲವು ವರ್ಷಗಳ ಹಿಂದೆ, ಇಂಥದ್ದೇ ಒಂದು ಮೇ ತಿಂಗಳಲ್ಲಿ. ತಂಗಿಯ ಸಂಸಾರ ರಜೆಗೆ ಬಂದಿತ್ತು. ಸಂಜೆ ನಾಲ್ಕೂವರೆಗೆ ಹೊಯ್ಗೆಯ ಮೇಲೆ ಚಾಪೆ ಹಾಸಿದ್ದೆವು, ಒದ್ದೆ ಗೆರೆಯಿಂದ ಹದಿನೈದಿಪ್ಪತ್ತು ಹೆಜ್ಜೆ ಮೇಲಕ್ಕೆ. ಕಡಲು ಆವತ್ತೂ ಕಾವಲಿಯ ಹಾಗೇ ಇತ್ತು. ಮಕ್ಕಳು ಪಾದ ಒದ್ದೆ ಮಾಡಿಕೊಳ್ಳುತ್ತಿದ್ದರು. ಅವಲಕ್ಕಿಯ ಡಬ್ಬಿ ತೆರೆದಿದ್ದೆವಷ್ಟೆ. ಒಂದು ತೆರೆ ಬಂತು. ಅದು ಎದ್ದು ಬೀಳಲಿಲ್ಲ, ಸದ್ದು ಮಾಡಲಿಲ್ಲ. ಒಲೆಯ ಮೇಲೆ ಹಾಲು ಉಕ್ಕುತ್ತದಲ್ಲ, ಹಾಗೆ ಉಕ್ಕಿ ಬಂತು, ಬರುತ್ತಲೇ ಇತ್ತು. ಚಾಪೆ ತೇಲಿತು, ಡಬ್ಬಿ ಹೋಯಿತು, ನೀರು ನಮ್ಮನ್ನು ದಾಟಿ ಗಾಳಿಮರದ ಬುಡ ಮುಟ್ಟಿತು. ಬಂದದ್ದಕ್ಕಿಂತ ಹೋದದ್ದು ಕೆಟ್ಟದಾಗಿತ್ತು. ಕಾಲಡಿಯ ಮರಳನ್ನೆಲ್ಲ ಎಳೆದುಕೊಂಡು ಹಿಂದೆ ಓಡಿತು. ತಂಗಿಯ ಏಳು ವರ್ಷದ ಮಗಳು ಬಿದ್ದಳು, ಬಿದ್ದವಳು ಜಾರುತ್ತ ಹೋದಳು. ಹತ್ತು ಮಾರು ದೂರದಲ್ಲಿ ದೋಣಿಗೆ ಒರಗಿ ಬಲೆ ಸರಿಮಾಡುತ್ತಿದ್ದ ಹಿರಿಯರೊಬ್ಬರು ಎದ್ದು ಓಡಿ ಅವಳ ರಟ್ಟೆ ಹಿಡಿದರು. ನಾನು ಇನ್ನೂ ಎದ್ದು ನಿಲ್ಲುತ್ತಿದ್ದೆ.

ಅವರು ಮಗುವನ್ನು ನನ್ನ ಕೈಗೆ ಕೊಟ್ಟು, “ಇದು ಇಲ್ಲಿಯ ನೀರಲ್ಲ ಮಾರಾಯ್ರೆ, ತೆಂಕಿನ ನೀರು. ಗಾಳಿ ಇಲ್ಲದೆಯೇ ಬರುತ್ತದೆ” ಎಂದರು.

“ನಿಮಗೆ ಮೊದಲೇ ಗೊತ್ತಿತ್ತೇ?” ಎಂದು ಕೇಳಿದೆ.

“ಬೆಳಗ್ಗಿನಿಂದ ತೆರೆ ತಡೆದು ತಡೆದು ಬರುತ್ತಿತ್ತು. ಅದಕ್ಕೇ ದೋಣಿಯನ್ನು ಮೇಲೆ ಎಳೆದು ಹಾಕಿದ್ದು.”

ತಡೆದು ತಡೆದು. ಕಡಲಿನ ಮುನ್ಸೂಚನೆ ಕೊಡುವ ಹೈದರಾಬಾದಿನ ವಿಜ್ಞಾನಿಗಳು ಸೆಕೆಂಡಿನಲ್ಲಿ ಬರೆಯುವುದನ್ನು ಅವರು ಎರಡು ಮಾತಿನಲ್ಲಿ ಹೇಳಿದ್ದರು. ಅವರ ದೋಣಿ ಉಳಿಯಿತು. ನಮಗೆ ಹೇಳುವವರು ಯಾರೂ ಇರಲಿಲ್ಲ. ಕೇಳಬೇಕೆಂದು ನಮಗೂ ಹೊಳೆದಿರಲಿಲ್ಲ.

ಎಲ್ಲರಿಗೂ ಹಾಗೆ ರಟ್ಟೆ ಹಿಡಿಯುವವರು ಸಿಗುವುದಿಲ್ಲ. 2024ರ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಲೆಮೂರ್ ಬೀಚಿನಲ್ಲಿ ಐವರು ಯುವ ವೈದ್ಯ ವಿದ್ಯಾರ್ಥಿಗಳು ನೀರುಪಾಲಾದರು. ಮದುವೆಗೆಂದು ಬಂದವರು. ಅಲೆ ಉಕ್ಕುವ ಎಚ್ಚರಿಕೆ ಆ ದಿನಗಳಲ್ಲಿ ಜಾರಿಯಲ್ಲಿತ್ತು. ಅದೇ ವರ್ಷ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ, ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ಶಾಲಾ ಬಾಲಕಿಯರನ್ನು ಕಡಲು ಎಳೆದುಕೊಂಡಿತು. ಡಿಸೆಂಬರ್ ಮಳೆಗಾಲವಲ್ಲ, ಮೇ ಆರಂಭವೂ ಮಳೆಗಾಲವಲ್ಲ. ಜುಲೈಯ ಕಡಲನ್ನು ಕಂಡರೆ ಯಾರಿಗಾದರೂ ಹೆದರಿಕೆ ಹುಟ್ಟುತ್ತದೆ. ಹೆದರಿಕೆ ಹುಟ್ಟಿಸದ ತಿಂಗಳುಗಳಲ್ಲಿಯೇ ನಾವು ಎಚ್ಚರ ತಪ್ಪುತ್ತೇವೆ.

ಈಗ ಎಣಿಸುವ ಕ್ರಮ ಹೇಳುತ್ತೇನೆ, ಯಾವ ಉಪಕರಣವೂ ಬೇಡ. ದಡದಲ್ಲಿ ನಿಂತು ನೀರಿನೊಳಗೆ ಅಲುಗದ ಒಂದು ಗುರುತು ಹಿಡಿಯಿರಿ: ಒಂದು ಬಂಡೆ, ಒಂದು ಕಂಬ, ಇಲ್ಲವಾದರೆ ತೆರೆ ಮೊದಲು ಒಡೆಯುವ ಜಾಗ. ಒಂದು ಅಲೆ ಅಲ್ಲಿಗೆ ಬಂದಾಗ ಗಡಿಯಾರ ನೋಡಿ, ಅಲ್ಲಿಂದ ಮುಂದಿನ ಹತ್ತನೆಯ ಅಲೆ ಅದೇ ಜಾಗಕ್ಕೆ ಬಂದಾಗ ಮತ್ತೆ ನೋಡಿ. ಎಷ್ಟು ಸೆಕೆಂಡು ಕಳೆಯಿತೋ ಅದನ್ನು ಹತ್ತರಿಂದ ಭಾಗಿಸಿ. ಆರು ಏಳು ಬಂದರೆ ಅದು ನಮ್ಮ ಗಾಳಿಯ ನೀರು. ಹದಿನಾಲ್ಕು ದಾಟಿದರೆ ತೆಂಕಿನ ನೀರು. ಆಗ ಅಲೆ ಎಷ್ಟೇ ಗಿಡ್ಡವಾಗಿ ಕಂಡರೂ ಮಕ್ಕಳನ್ನು ಇಳಿಸಬೇಡಿ, ಚಾಪೆಯನ್ನು ಗಾಳಿಮರದಿಂದ ಆಚೆಗೆ ಹಾಸಿ. ಮಧ್ಯಾಹ್ನ ಎರಡೂ ಬೆರೆತಿರುವಾಗ ಎಣಿಕೆ ತಪ್ಪುತ್ತದೆ. ಬೆಳಗ್ಗೆ ಏಳರೊಳಗೆ ಎಣಿಸುವುದು ಒಳ್ಳೆಯದು.

ಇನ್ನೊಂದು ಮಾತು. ದೂರದ ಅಲೆಗಳು ಗುಂಪಾಗಿ ಬರುತ್ತವೆ. ಸರ್ಫಿಂಗ್ ಹುಡುಗರು ಅದನ್ನು ‘ಸೆಟ್’ ಎನ್ನುತ್ತಾರೆ. ಹತ್ತು ನಿಮಿಷ ಏನೂ ಇಲ್ಲ, ಆಮೇಲೆ ನಾಲ್ಕೈದು ದೊಡ್ಡವು, ಮತ್ತೆ ಏನೂ ಇಲ್ಲ. ಕಾರಿನಿಂದ ಇಳಿದು ಎರಡು ನಿಮಿಷ ನೋಡಿ ‘ಶಾಂತವಾಗಿದೆ’ ಎಂದು ತೀರ್ಮಾನಿಸಿದವರು ಆ ಏನೂ ಇಲ್ಲದ ಹತ್ತು ನಿಮಿಷವನ್ನು ಕಂಡಿರುತ್ತಾರೆ. ನೀರಿಗೆ ಇಳಿಯುವ ಮೊದಲು ಇಪ್ಪತ್ತು ನಿಮಿಷ ಸುಮ್ಮನೆ ನೋಡಿ. ಮುಲ್ಕಿಯಲ್ಲಿ ಸರ್ಫಿಂಗ್ ಕಲಿಸುವವರು ಹೊಸಬರಿಗೆ ಬೋರ್ಡು ಕೊಡುವ ಮೊದಲು ನೀರು ನೋಡಲು ಹೇಳುತ್ತಾರೆ. ಈಜಲು ಬರುವವರಿಗೂ ಅದೇ ಮೊದಲ ಪಾಠವಾಗಬೇಕು.

ಸೆಳೆತದ ಬಗ್ಗೆ ಜನರ ಕಣ್ಣು ತಲೆಕೆಳಗಾಗಿ ಓದುತ್ತದೆ. ದಡಕ್ಕೆ ಬಂದ ನೀರು ಹಿಂದೆ ಹೋಗಲೇಬೇಕು, ಮರಳದಿಬ್ಬಗಳ ನಡುವೆ ಆಳವಾದ ಒಂದು ಓಣಿ ಮಾಡಿಕೊಂಡು ಹೋಗುತ್ತದೆ. ಆ ಓಣಿ ಆಳವಾದ್ದರಿಂದ ಅಲ್ಲಿ ಅಲೆ ಒಡೆಯುವುದಿಲ್ಲ. ಎಡಕ್ಕೂ ಬಲಕ್ಕೂ ನೊರೆ, ನಡುವೆ ಮಾತ್ರ ನುಣುಪಾದ ನೀರು. ಈಜು ಬಾರದವರು ಹುಡುಕಿಕೊಂಡು ಹೋಗಿ ಇಳಿಯುವುದು ಆ ನುಣುಪಾದ ಜಾಗಕ್ಕೆ. ಅದರಲ್ಲಿ ಸಿಕ್ಕಿದರೆ ದಡದ ಕಡೆಗೆ ನೇರ ಈಜಬೇಡಿ, ಎಂಥ ಈಜುಗಾರನ ತೋಳೂ ಸೋಲುತ್ತದೆ. ಮೊದಲು ತೇಲಿ, ಉಸಿರು ಹಿಡಿತಕ್ಕೆ ತನ್ನಿ. ದಡದುದ್ದಕ್ಕೆ, ಎಡಕ್ಕೋ ಬಲಕ್ಕೋ ಈಜಿ. ನೊರೆಯಿರುವ ಜಾಗ ಸಿಕ್ಕ ಮೇಲೆ ಅಲೆಯೇ ನಿಮ್ಮನ್ನು ತರುತ್ತದೆ. ಯಾರಾದರೂ ಸಿಕ್ಕಿಬಿದ್ದದ್ದು ಕಂಡರೆ ಬರಿಗೈಯಲ್ಲಿ ಹಿಂದೆ ಹಾರಬೇಡಿ. ತೇಲುವ ಏನನ್ನಾದರೂ ಎಸೆಯಿರಿ: ಕ್ಯಾನು, ಚೆಂಡು, ಬೋರ್ಡು. 112ಕ್ಕೆ ಕರೆ ಮಾಡಿ, ದೋಣಿಯವರನ್ನು ಕೂಗಿ.

ಸಸಿಹಿತ್ಲಿನಲ್ಲಿ ಇದಕ್ಕಿಂತ ಕೆಟ್ಟ ಜಾಗ ಒಂದಿದೆ, ಅಳಿವೆ. ಕಟೀಲಿನ ದೇವಸ್ಥಾನವನ್ನು ಬಳಸಿ ಹರಿದುಬಂದ ನಂದಿನಿ, ಮುಲ್ಕಿಯನ್ನು ದಾಟಿ ಬಂದ ಶಾಂಭವಿ, ಎರಡೂ ಒಟ್ಟಾಗಿ ಕಡಲು ಸೇರುವ ಬಾಯಿ. ನೋಡಲು ಅಷ್ಟು ಚೆಂದದ ಜಾಗ ನಮ್ಮ ತಾಲೂಕಿನಲ್ಲಿ ಮತ್ತೊಂದಿಲ್ಲ ಎಂದು ನಾನು ಹೇಳಬಲ್ಲೆ. ಬೇಸಿಗೆಯಲ್ಲಿ ಹೊಳೆಯಲ್ಲಿ ನೀರಿಲ್ಲ, ಆದ್ದರಿಂದ ಸೆಳೆತವೂ ಇಲ್ಲ ಎಂದು ತಿಳಿಯುವವರಿದ್ದಾರೆ. ಭರತದ ಹೊತ್ತಿನಲ್ಲಿ ಕಡಲು ಹೊಳೆಯೊಳಗೆ ತುಂಬುತ್ತದೆ. ಇಳಿತದಲ್ಲಿ ಅಷ್ಟೂ ನೀರು ಆ ಕಿರಿದಾದ ಬಾಯಿಯಿಂದ ಹೊರಗೆ ಓಡಬೇಕು. ಅಮಾವಾಸ್ಯೆ, ಹುಣ್ಣಿಮೆಯ ಆಚೀಚೆ ಅದರ ಬಿರುಸು ಹೆಚ್ಚು. ಭರತ ದಿನವೂ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಮೊನ್ನೆ ಸಂಜೆ ಐದಕ್ಕೆ ಸುರಕ್ಷಿತವಾಗಿದ್ದ ಜಾಗ ಇವತ್ತು ಸಂಜೆ ಐದಕ್ಕೆ ಹಾಗಿರಬೇಕೆಂದಿಲ್ಲ. ಅಳಿವೆಯಲ್ಲಿ ಇಳಿಯಬೇಡಿ, ಯಾವ ತಿಂಗಳಲ್ಲೂ ಬೇಡ.

ಈ ದಡಕ್ಕೆ ಸರ್ಫಿಂಗ್ ಬಂದ ಕಥೆ ಈಗ ಎಲ್ಲರಿಗೂ ಗೊತ್ತು. 2004ರ ಸುಮಾರಿಗೆ ಮುಲ್ಕಿಯಲ್ಲಿ ಆಶ್ರಮ ಕಟ್ಟಿದ ಅಮೆರಿಕದ ಸ್ವಾಮಿಗಳು ಬೋರ್ಡು ತಂದರು, ಮಂತ್ರ ಸರ್ಫ್ ಕ್ಲಬ್ ಹುಟ್ಟಿತು, ಊರಿನ ಮಕ್ಕಳು ಕಲಿತರು. 2016ರ ಮೇ ಕೊನೆಯಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ಸಸಿಹಿತ್ಲಿನಲ್ಲಿ ನಡೆಯಿತು. ಮುಂದಿನ ವರ್ಷಗಳಲ್ಲೂ ಈ ದಡಕ್ಕೆ ಮರಳಿ ಬಂತು. ಸ್ಪರ್ಧೆಗೆ ಮೇ ಕೊನೆಯ ದಿನಗಳನ್ನೇ ಆರಿಸುವುದರಲ್ಲಿ ಒಂದು ಲೆಕ್ಕವಿದೆ: ತೆಂಕಿನ ಅಲೆ ಬಲಿತಿರುತ್ತದೆ, ಮುಂಗಾರಿನ ಗಾಳಿ ಅದನ್ನು ಇನ್ನೂ ಕೆಡಿಸಿರುವುದಿಲ್ಲ. ಅಂದರೆ ಈಗ ಮಲಗಿರುವ ಇದೇ ನೀರು ಇನ್ನು ಎರಡು ವಾರದಲ್ಲಿ ದೇಶದ ಒಳ್ಳೆಯ ಸರ್ಫರ್‌ಗಳು ಹುಡುಕಿಕೊಂಡು ಬರುವಂಥ ನೀರಾಗಬಹುದು. ನಮ್ಮ ಹುಡುಗರು ಫೋನಿನಲ್ಲಿ ಮೊದಲು ನೋಡುವುದು ಸೆಕೆಂಡನ್ನು. ‘ಅಣ್ಣ, ಗುರುವಾರ ಹದಿನಾರು ತೋರಿಸ್ತಾ ಇದೆ’ ಎಂದು ಒಬ್ಬ ಹೇಳಿದರೆ ಉಳಿದವರು ಅಂದಿನ ಕೆಲಸವನ್ನು ಮುಂದೆ ಹಾಕುತ್ತಾರೆ. ಅಲೆಯಿಲ್ಲದ ಈ ದಿನಗಳಲ್ಲಿ ಅವರು ಶಾಂಭವಿಯ ಹಿನ್ನೀರಿನಲ್ಲಿ ಹುಟ್ಟುಹಾಕಿ ತೋಳು ಗಟ್ಟಿ ಮಾಡಿಕೊಳ್ಳುತ್ತಾರೆ, ಬೋರ್ಡಿನ ಬಿರುಕಿಗೆ ಮದ್ದು ಹಚ್ಚುತ್ತಾರೆ. ಅವರಿಗೆ ‘ಫ್ಲ್ಯಾಟ್’ ಎಂದರೆ ಕಾಯುವ ಹೊತ್ತು.

ಒಂದೇ ದಡದಲ್ಲಿ ಸೆಕೆಂಡು ಬಲ್ಲ ಹುಡುಗರಿದ್ದಾರೆ, ‘ತಡೆದು ತಡೆದು’ ಎಂದು ಓದಬಲ್ಲ ಮೊಗವೀರ ಹಿರಿಯರಿದ್ದಾರೆ. ಅವರ ನಡುವೆ ಚಾಪೆ ಹಾಸಿ ಕೂತ ಸಾವಿರ ಜನರಿಗೆ ಏನೂ ಗೊತ್ತಿಲ್ಲ. ನನ್ನ ತಕರಾರು ಇದು. ಮಾಹಿತಿ ಇಲ್ಲವೆಂದಲ್ಲ. ಹೈದರಾಬಾದಿನಲ್ಲಿ 1999ರಿಂದ ಇನ್‌ಕಾಯಿಸ್ ಎಂಬ ರಾಷ್ಟ್ರೀಯ ಸಂಸ್ಥೆಯಿದೆ, ಭೂವಿಜ್ಞಾನ ಸಚಿವಾಲಯದ ಅಡಿಯಲ್ಲಿ. ಅಲೆಯ ಎತ್ತರ, ಅವಧಿ, ದಿಕ್ಕು, ಪ್ರವಾಹ, ಎಲ್ಲವನ್ನೂ ಮುಂಚಿತವಾಗಿ ಹೇಳುತ್ತದೆ, ಅಲೆ ಉಕ್ಕುವ ಎಚ್ಚರಿಕೆ ಕೊಡುತ್ತದೆ. ‘ಸಮುದ್ರ’ ಎಂಬ ಆ್ಯಪ್ ಕೂಡ ಅದರದ್ದೇ. ತೆರಿಗೆ ಕೊಡುವ ನಮ್ಮೆಲ್ಲರ ದುಡ್ಡಿನಿಂದ ನಡೆಯುವ, ನಿಜಕ್ಕೂ ಒಳ್ಳೆಯ ಕೆಲಸ. ಅದು ಫೋನಿನವರೆಗೆ ಬರುತ್ತದೆ. ಹೊಯ್ಗೆಯವರೆಗೆ ಬರುವುದಿಲ್ಲ.

ಹೊಯ್ಗೆಯಲ್ಲಿ ಏನಿದೆ? ನಾನು ಹೋಗುವ ಒಂದು ಬೀಚಿನಲ್ಲಿ ತುಕ್ಕು ಹಿಡಿದ ಒಂದು ತಗಡಿದೆ: ‘ಅಪಾಯ, ನೀರಿಗೆ ಇಳಿಯಬಾರದು.’ ಜನವರಿಯಲ್ಲೂ ಅದೇ, ಮೇನಲ್ಲೂ ಅದೇ, ಜುಲೈಯಲ್ಲೂ ಅದೇ. ವರ್ಷವಿಡೀ ಒಂದೇ ಮಾತು ಹೇಳುವ ತಗಡನ್ನು ಯಾರೂ ಓದುವುದಿಲ್ಲ, ಅದಕ್ಕೆ ಬಟ್ಟೆ ಒಣಹಾಕುತ್ತಾರೆ. ಸಂಬಂಧಪಟ್ಟ ಕಚೇರಿಗೆ ಎರಡು ಸಲ ಅರ್ಜಿ ಕೊಟ್ಟೆ. ದಿನದ ಅಂಕೆ ಬರೆಯುವ ಹಲಗೆ ಬೇಕು ಎಂದೆ. ‘ಬೋರ್ಡು ಈಗಾಗಲೇ ಇದೆಯಲ್ಲ’ ಎಂಬ ಉತ್ತರ ಬಂತು. ಹಾಗೆಂದವರ ಮೇಲೆ ನನಗೆ ಕೋಪವಿಲ್ಲ. ಹಳೆಯ ತಗಡಿಗೂ ದಿನದ ಅಂಕೆಗೂ ಇರುವ ವ್ಯತ್ಯಾಸವನ್ನು ನಾನು ಸರಿಯಾಗಿ ವಿವರಿಸಬೇಕಿತ್ತು. ಅದನ್ನು ಈಗ ಇಲ್ಲಿ ಮಾಡುತ್ತಿದ್ದೇನೆ.

ಬೇಕಾದದ್ದು ಒಂದು ಕಪ್ಪು ಹಲಗೆ, ಸೀಮೆಸುಣ್ಣ, ಬೆಳಗ್ಗೆ ಹತ್ತು ನಿಮಿಷ. ಇವತ್ತಿನ ಎತ್ತರ ಇಷ್ಟು ಮೀಟರ್, ಅವಧಿ ಇಷ್ಟು ಸೆಕೆಂಡ್. ಭರತ ಇಷ್ಟು ಗಂಟೆಗೆ, ಇಳಿತ ಇಷ್ಟು ಗಂಟೆಗೆ. ಸೆಳೆತದ ಓಣಿ ಇವತ್ತು ಯಾವ ಕಡೆಗಿದೆ. ಕೆಳಗೆ ದೊಡ್ಡ ಅಕ್ಷರದಲ್ಲಿ ಒಂದೇ ಮಾತು, ಇಳಿಯಬಹುದು ಅಥವಾ ಬೇಡ. ‘ಇಳಿಯಬಹುದು’ ಎಂದು ಬರೆಯುವ ಧೈರ್ಯವೂ ಬೇಕು. ಒಳ್ಳೆಯ ದಿನ ಒಳ್ಳೆಯದು ಎಂದವರ ಮಾತನ್ನೇ ಜನ ಕೆಟ್ಟ ದಿನ ನಂಬುವುದು. ಪಡುಬಿದ್ರಿ ಮತ್ತು ಕಾಸರಕೋಡಿನ ಬೀಚುಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಬಂದಾಗ ನಾವೆಲ್ಲ ಸಂತೋಷಪಟ್ಟೆವು. ಸುಮಾರು 320 ಕಿಲೋಮೀಟರ್ ಕರಾವಳಿಯಲ್ಲಿ ಜನ ಇಳಿಯುವ ಉಳಿದ ದಡಗಳಿಗೆ ಧ್ವಜ ಬರದಿದ್ದರೂ ಸರಿ, ಹಲಗೆ ಬರಲಿ.

ಬರುವ ದಿನಗಳ ಮಾತು. ಹಗಲು ಸೆಕೆ ಏರಿದಷ್ಟೂ ಸಂಜೆ ಘಟ್ಟದ ಕಡೆ ಮೋಡ ಕಟ್ಟುತ್ತದೆ. ಕೆಲವು ಸಂಜೆ ಅದು ಗುಡುಗುತ್ತ ಕಡಲಿನವರೆಗೂ ಇಳಿಯುತ್ತದೆ. ಬಯಲಾದ ಬೀಚಿನಲ್ಲಿ ಎಲ್ಲಕ್ಕಿಂತ ಎತ್ತರದ ವಸ್ತು ನೀವೇ ಆಗಿರುತ್ತೀರಿ. ಮಿಂಚು ಕಂಡು ಮೂವತ್ತು ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ. ನೀರು ಬಿಟ್ಟು, ಮರಳು ಬಿಟ್ಟು, ಮರದಡಿಯನ್ನೂ ಬಿಟ್ಟು, ಕಟ್ಟಡದೊಳಗೋ ಕಾರಿನೊಳಗೋ ಹೋಗಿ. ಕೊನೆಯ ಗುಡುಗಿನ ಮೇಲೆ ಅರ್ಧ ತಾಸು ಕಾಯಿರಿ. ಪುಣೆಯ ಸಂಸ್ಥೆ ರೂಪಿಸಿದ ‘ದಾಮಿನಿ’ ಆ್ಯಪ್ ನಿಮ್ಮ ಸುತ್ತಲಿನ ಸಿಡಿಲನ್ನು ತೋರಿಸುತ್ತದೆ, ಹಾಕಿಕೊಳ್ಳಿ.

ತುಳು ಪಂಚಾಂಗದ ಬೇಷ ತಿಂಗಳ ಹತ್ತಕ್ಕೆ ಪತ್ತನಾಜೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ತುಳುನಾಡು ಮಳೆಗೆ ತಯಾರಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಮುಂಗಾರು ಕೇರಳ ಮುಟ್ಟುವ ವಾಡಿಕೆಯ ದಿನ ಜೂನ್ 1; ಆದರೆ 2025ರಲ್ಲಿ ಮೇ 24ಕ್ಕೇ ಬಂತು, ಪತ್ತನಾಜೆಯ ಹೊತ್ತಿಗೆ ಸರಿಯಾಗಿ. ಆದ್ದರಿಂದ ಈ ಮಲಗಿದ ಕಡಲಿಗೆ ಉಳಿದಿರುವುದು ಎರಡು ವಾರವೂ ಇರಬಹುದು, ಒಂದೇ ವಾರವೂ ಇರಬಹುದು. ರಜೆಯ ಜನ ಅತಿ ಹೆಚ್ಚು ಬರುವುದೂ ಇದೇ ಎರಡು ವಾರದಲ್ಲಿ.

ಅರ್ಜಿಯ ಉತ್ತರಕ್ಕೆ ಕಾಯುವಷ್ಟು ಸಮಯ ಇಲ್ಲ. ಮನೆಯಲ್ಲಿ ಮಕ್ಕಳು ಬಳಸಿ ಬಿಟ್ಟ ಒಂದು ಕಪ್ಪು ಹಲಗೆಯಿದೆ. ಬರುವ ಭಾನುವಾರದಿಂದ ಬೆಳಗ್ಗೆ ಆರೂವರೆಗೆ ಅದನ್ನು ಮುಂಡ ಬೀಚಿಗೆ ಇಳಿಯುವ ದಾರಿಯ ಬಾಯಲ್ಲಿ ಇಡುತ್ತೇನೆ, ಅಂದಿನ ಅಂಕೆ ಬರೆಯುತ್ತೇನೆ. ಸರ್ಫಿಂಗ್ ಹುಡುಗರಿಬ್ಬರು ಜೊತೆಗೆ ಬರುತ್ತೇನೆಂದಿದ್ದಾರೆ. ಅಂದು ಮಗುವಿನ ರಟ್ಟೆ ಹಿಡಿದ ಹಿರಿಯರೂ ‘ಸೆಳೆತದ ಜಾಗ ನಾನು ತೋರಿಸುತ್ತೇನೆ’ ಎಂದಿದ್ದಾರೆ. ಭಾನುವಾರ, ಬುಧವಾರ ನನ್ನ ಪಾಲು. ಉಳಿದ ಐದು ದಿನಕ್ಕೆ ಐದು ಜನ ಬೇಕು. ಹಳೆಯಂಗಡಿ, ಮುಕ್ಕ, ಮುಲ್ಕಿಯ ಓದುಗರೇ, ಯಾವ ದಿನ ಬರುತ್ತೀರಿ ಎಂದು ತಿಳಿಸಿ.